'ಎಂಟು' ಹಾಕಿದ ಮೇಲೆ: ಮೋಟಾರು ಸೈಕಲು ಸವಾರರ ಮುಂದಿನ ಪಾಠ

ಕೇರಳದಲ್ಲಿ ದ್ವಿಚಕ್ರ ವಾಹನದ ಲೈಸೆನ್ಸು ಬೇಕೆಂದವರು ಮೊದಲು 'ಎಂಟು' ಹಾಕಿ ತೋರಿಸಬೇಕು. ಮೈದಾನದಲ್ಲಿ ಕಂಬಗಳನ್ನು ನೆಟ್ಟು ಗುರುತು ಮಾಡಿದ ಎಂಟರ ಆಕಾರದ ಹಾದಿಯಲ್ಲಿ, ಕಾಲನ್ನು ನೆಲಕ್ಕೆ ಊರದೆ, ಕಂಬಕ್ಕೆ ತಾಗದೆ ವಾಹನವನ್ನು ಸುತ್ತಿಸಿ ತರಬೇಕು. ಅನಂತರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ತೋರಿಸಿದರೆ ಪರೀಕ್ಷೆ ಮುಗಿಯಿತು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಸಂಚರಿಸುವ ತಂದೆ ತಾಯಂದಿರು, ಅಣ್ಣಂದಿರು, ಅಕ್ಕಂದಿರು ಈ ಎಂಟನ್ನು ದಾಟಿ ಬಂದವರೇ. ಇದರಲ್ಲಿ ಒಂದು ವಿನೋದವೂ ಇತ್ತು. ಬಹುಕಾಲ ಡ್ರೈವಿಂಗ್ ಸ್ಕೂಲುಗಳು ಎಂಟು ಹಾಕಿಸುತ್ತಿದ್ದುದು ಎಂ-80 ಎಂಬ, ಕೈಯಲ್ಲಿ ಗೇರು ಬದಲಾಯಿಸುವ ಸಣ್ಣ ವಾಹನದಲ್ಲಿ. ಅದರಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆದವನು ಮರುದಿನವೇ ಅದರ ಎರಡು ಪಾಲು ಶಕ್ತಿಯ, ಕಾಲಿನ ಗೇರಿನ ಮೋಟಾರು ಸೈಕಲನ್ನು ಏರಿ ಹೆದ್ದಾರಿಗೆ ಇಳಿಯಬಹುದಾಗಿತ್ತು! 2024ರ ಆಗಸ್ಟಿನಿಂದ ಪರೀಕ್ಷೆಗೆ ಎಂ-80 ತರಬಾರದೆಂದು ಮೋಟಾರು ವಾಹನ ಇಲಾಖೆ ಆದೇಶಿಸಿತು.

ಎಂಟು ಹಾಕುವುದು ಸುಲಭವೆಂದು ಯಾರೂ ಭಾವಿಸಬಾರದು. ನಿಧಾನವಾಗಿ ಹೋಗುವಾಗ ತೋಲನ ಕಾಯ್ದುಕೊಳ್ಳುವುದೇ ಕಷ್ಟ. ಅದನ್ನು ಈ ಪರೀಕ್ಷೆ ಚೆನ್ನಾಗಿ ಅಳೆಯುತ್ತದೆ. ಆದರೆ ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವಾಗ ಅಡ್ಡದಾರಿಯಿಂದ ಜೀಪೊಂದು ಧುತ್ತೆಂದು ಎದುರು ಬಂದರೆ ಈತ ಏನು ಮಾಡಿಯಾನು? ಮಳೆಗಾಲದಲ್ಲಿ, ಇಳಿಜಾರಿನ ತಿರುವಿನಲ್ಲಿ, ರಸ್ತೆಯ ಮೇಲೆ ಚರಳುಕಲ್ಲು ಹರಡಿಕೊಂಡಿದ್ದರೆ ಬ್ರೇಕನ್ನು ಹೇಗೆ ಹಿಡಿದಾನು? ಇದನ್ನು ಎಂಟು ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕಲಿಸುವ ಗೊಡವೆಗೆ ಡ್ರೈವಿಂಗ್ ಸ್ಕೂಲುಗಳೂ ಸಾಮಾನ್ಯವಾಗಿ ಹೋಗುವುದಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನಷ್ಟೇ ಓದುವ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ!

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಮಂತ್ರಾಲಯದ ವಾರ್ಷಿಕ ವರದಿ ತಿಳಿಸುತ್ತದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಎಂದರೆ ನೂರಕ್ಕೆ 44ಕ್ಕೂ ಮಿಕ್ಕಿ. ಅದೇ ವರ್ಷ ಹೆಲ್ಮೆಟು ಧರಿಸದೆ ಸತ್ತವರು 50,029. ಇವರಲ್ಲಿ 14,337 ಮಂದಿ ಹಿಂದಿನ ಸೀಟಿನಲ್ಲಿ ಕುಳಿತವರು. ಹೆಲ್ಮೆಟಿನ ವಿಚಾರವನ್ನು ನಮ್ಮ ಪೋಲೀಸರೂ ಇಲಾಖೆಯವರೂ ಸಾಕಷ್ಟು ಹೇಳಿದ್ದಾರೆ. 2023ರ ಜೂನ್ 5ರಿಂದ ಕೇರಳದ ರಸ್ತೆಗಳಲ್ಲಿ ಕೆಮರಾಗಳು ಅದನ್ನು ನೋಡಿ ದಂಡದ ಚೀಟಿ ಕಳುಹಿಸಲಾರಂಭಿಸಿದುವು. ತಲೆಯ ಮೇಲೆ ಹೆಲ್ಮೆಟು ಇದೆಯೋ ಇಲ್ಲವೋ ಎಂಬುದು ಕೆಮರಾಕ್ಕೆ ಕಾಣುತ್ತದೆ. ಸವಾರನಿಗೆ ನಿಲ್ಲಿಸಲು ಬರುತ್ತದೆಯೇ ಎಂಬುದು ಅದಕ್ಕೆ ಕಾಣದು.

ಸವಾರನು ಬೀಳುವ ಮೊದಲಿನ ಆ ಒಂದೆರಡು ಕ್ಷಣಗಳಲ್ಲಿ ನಿಜವಾಗಿ ಏನು ನಡೆಯುತ್ತದೆ? ಇದನ್ನು ತಾಳ್ಮೆಯಿಂದ ಹುಡುಕಿದವರು ಅಮೇರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು. ಲಾಸ್ ಏಂಜಲೀಸ್ ನಗರದಲ್ಲೂ ಅದರ ಸುತ್ತಲೂ ಮೋಟಾರು ಸೈಕಲು ಅಪಘಾತವಾದೊಡನೆ ಅವರು ಸ್ಥಳಕ್ಕೆ ಧಾವಿಸುತ್ತಿದ್ದರು. ಟಯರಿನ ಗುರುತುಗಳನ್ನು ಅಳೆಯುತ್ತಿದ್ದರು. ಸವಾರರನ್ನೂ ನೋಡಿದವರನ್ನೂ ವಿಚಾರಿಸುತ್ತಿದ್ದರು. ಹೀಗೆ 900ಕ್ಕೂ ಹೆಚ್ಚು ಅಪಘಾತಗಳನ್ನು ಅಭ್ಯಸಿಸಿ ಬರೆದ ವರದಿ 1981ರಲ್ಲಿ ಹೊರಬಂತು. ಅದರಲ್ಲಿ ಮೂರು ಸಂಗತಿಗಳು ನಮಗೆ ಮುಖ್ಯ. ಅಪಘಾತಕ್ಕೊಳಗಾದ ಸವಾರರಲ್ಲಿ ನೂರಕ್ಕೆ 92 ಮಂದಿ ಯಾವ ತರಬೇತಿಯನ್ನೂ ಪಡೆದವರಲ್ಲ. ತಾವಾಗಿಯೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಂಡುಬಂದಲ್ಲಿಂದ ಡಿಕ್ಕಿಯಾಗುವವರೆಗೆ ಸಾಮಾನ್ಯವಾಗಿ ಅವರಿಗೆ ದೊರೆತ ಸಮಯ ಎರಡು ಸೆಕೆಂಡಿಗೂ ಕಡಿಮೆ. ಆ ಸಮಯದಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ಕೆಲಸ: ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರವನ್ನು ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ. ವಾಹನವನ್ನು ಪಕ್ಕಕ್ಕೆ ತಪ್ಪಿಸಿಕೊಂಡು ಹೋಗುವ ಕೌಶಲವಂತೂ ಬಹುಮಟ್ಟಿಗೆ ಕಾಣಲೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತರಬೇತಿ ಹೊಂದಿದ ಸವಾರರೇ ಆ ಕಾಲದಲ್ಲಿ ವಿರಳವಾಗಿದ್ದುದರಿಂದ 92 ಎಂಬ ಅಂಕೆಯೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮೂರನೆಯ ಸಂಗತಿಯೇ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಅದನ್ನು ನಮ್ಮ ಒಂಬತ್ತನೆಯ ತರಗತಿಯ ಭೌತಶಾಸ್ತ್ರದಿಂದಲೇ ಪರೀಕ್ಷಿಸಿ ನೋಡಬಹುದು.

ಚಲಿಸುವ ವಸ್ತುವಿನ ವೇಗ, ವೇಗೋತ್ಕರ್ಷ, ದೂರ ಇವುಗಳ ಸಂಬಂಧವನ್ನು ಸೂಚಿಸುವ ಸಮೀಕರಣ ನಿಮಗೆ ತಿಳಿದೇ ಇದೆ. ಆರಂಭದ ವೇಗದ ವರ್ಗವನ್ನು ವೇಗ ತಗ್ಗುವ ದರದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾದ ದೂರ ದೊರೆಯುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರು. ಒಣ ಡಾಂಬರು ರಸ್ತೆಯಲ್ಲಿ ಎರಡೂ ಬ್ರೇಕುಗಳನ್ನು ಸರಿಯಾಗಿ ಹಿಡಿಯಬಲ್ಲ ಸವಾರನ ವೇಗ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ತಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಹಿಂದಿನ ಬ್ರೇಕನ್ನು ಮಾತ್ರ ನಂಬಿದವನಿಗೆ ಅದರ ಅರ್ಧ, ಎಂದರೆ 3.5 ಮೀಟರು. ಲೆಕ್ಕ ಮಾಡಿ ನೋಡಿರಿ. ಮೊದಲನೆಯವನು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತಾನೆ. ಎರಡನೆಯವನಿಗೆ ಸುಮಾರು 40 ಮೀಟರು ಬೇಕು. ಅಪಾಯವನ್ನು ಕಂಡು ಕೈಕಾಲು ಆಡುವಷ್ಟರಲ್ಲಿ ಒಂದು ಸೆಕೆಂಡು ಹೋಗುತ್ತದೆ ಎಂದರೆ ಇಬ್ಬರಿಗೂ ಇನ್ನೂ 16.7 ಮೀಟರು ಸೇರಿತು.

ಇಷ್ಟು ಮಾತ್ರವಾದರೆ 'ಇಪ್ಪತ್ತು ಮೀಟರು ತಾನೇ' ಎಂದು ಹೇಳಿಬಿಡಬಹುದು. ಆದರೆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಇಬ್ಬರೂ ಜೊತೆಯಾಗಿ ಬರುತ್ತಿದ್ದು, ಒಂದೇ ಜಾಗದಲ್ಲಿ ಒಂದೇ ಕ್ಷಣದಲ್ಲಿ ಬ್ರೇಕು ಹಿಡಿದರೆನ್ನೋಣ. ಮೊದಲನೆಯವನು ನಿಂತ ಜಾಗಕ್ಕೆ ಎರಡನೆಯವನು ಬಂದಾಗ ಅವನ ವೇಗ ಎಷ್ಟಿರುತ್ತದೆ? 16.7ರ ವರ್ಗ ಸುಮಾರು 278. ಅದರಿಂದ 2, 3.5, 19.8 ಇವುಗಳ ಗುಣಲಬ್ಧವಾದ 138.6ನ್ನು ಕಳೆದರೆ ಉಳಿಯುವುದು ಸುಮಾರು 139. ಅದರ ವರ್ಗಮೂಲ 11.8. ಎಂದರೆ ಗಂಟೆಗೆ 42 ಕಿಲೋಮೀಟರು! ಒಬ್ಬನು ನಿಂತು ಕಾಲೂರಿದ್ದಾನೆ. ಇನ್ನೊಬ್ಬನು ಅದೇ ಜಾಗದಲ್ಲಿ 42 ಕಿಲೋಮೀಟರು ವೇಗದಲ್ಲಿ ಲಾರಿಗೆ ಬಡಿಯುತ್ತಾನೆ. ಇಬ್ಬರ ವಾಹನವೂ ಒಂದೇ, ರಸ್ತೆಯೂ ಒಂದೇ, ವೇಗವೂ ಒಂದೇ. ವ್ಯತ್ಯಾಸವಿರುವುದು ಬಲಗೈಯ ನಾಲ್ಕು ಬೆರಳುಗಳಲ್ಲಿ.

ಹಾಗಾದರೆ ಜನರು ಮುಂದಿನ ಬ್ರೇಕಿಗೆ ಹೆದರುವುದೇಕೆ? 'ಮುಂದಿನದನ್ನು ಹಿಡಿಯಬೇಡ, ಮಗುಚಿ ಬೀಳುತ್ತಿ' ಎಂಬುದು ಸೈಕಲು ಕಲಿಸುವ ಮಾವಂದಿರೂ ಅಣ್ಣಂದಿರೂ ಪರಂಪರೆಯಾಗಿ ಹೇಳುತ್ತ ಬಂದ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಬ್ರೇಕು ಹಿಡಿದಾಗ ವಾಹನದ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸು ಒಮ್ಮೆಲೆ ನಿಂತಾಗ ನಿಂತ ಪ್ರಯಾಣಿಕರು ಮುಂದಕ್ಕೆ ಬೀಳುವುದಿಲ್ಲವೆ, ಹಾಗೆ. ಆಗ ಮುಂದಿನ ಟಯರು ನೆಲವನ್ನು ಬಲವಾಗಿ ಅಮರುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರ ಬೇಗನೆ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ; ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಚಕ್ರದಲ್ಲೇ. ಆದರೆ ಭಾರ ಮುಂದಕ್ಕೆ ಬರುವ ಮೊದಲೇ ಬ್ರೇಕನ್ನು ಕಿತ್ತುಕೊಳ್ಳುವಂತೆ ಎಳೆದರೆ, ಹೊಯ್ಗೆಯ ಮೇಲೆ ಎಳೆದರೆ, ಹ್ಯಾಂಡಲು ತಿರುಗಿರುವಾಗ ಎಳೆದರೆ ಬೀಳುವುದು ಖಂಡಿತ. ಆದುದರಿಂದ ವಾಹನವನ್ನು ನೆಟ್ಟಗೆ ನಿಲ್ಲಿಸಿಕೊಂಡು, ಮೊದಲು ಮೆಲ್ಲನೆ, ಮತ್ತೆ ಬಲವಾಗಿ, ನಿಂಬೆಹಣ್ಣನ್ನು ಹಿಂಡುವಂತೆ ಹಿಡಿಯಬೇಕು. ಹಿಂದಿನದನ್ನೂ ಜೊತೆಯಲ್ಲಿ ಹದವಾಗಿ ತುಳಿಯಬೇಕು. ಈ ವಾಕ್ಯವನ್ನು ಓದಲು ಐದು ಸೆಕೆಂಡು ಸಾಕು. ಕೈಗೆ ಬರಬೇಕಾದರೆ ಸುರಕ್ಷಿತವಾದ ಮೈದಾನದಲ್ಲಿ, ನೋಡಿ ತಿದ್ದುವವರ ಎದುರಿನಲ್ಲಿ, ಹತ್ತಾರು ಸಲ ಮಾಡಬೇಕು. ತರಬೇತಿ ಎಂದರೆ ಇದೇ.

ಹೊಸ ವಾಹನಗಳಲ್ಲಿ ಯಂತ್ರವೂ ಸ್ವಲ್ಪ ಸಹಾಯ ಮಾಡುತ್ತದೆ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿ.ಸಿ.ಗಿಂತ ಮೇಲಿನ ಮೋಟಾರು ಸೈಕಲುಗಳಲ್ಲಿ, ಚಕ್ರವು ತಿರುಗುವುದನ್ನು ಪೂರ್ತಿ ನಿಲ್ಲಿಸಿ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣ ವಾಹನಗಳಿಗೆ ಅದು ಇಲ್ಲದಿದ್ದರೆ, ಒಂದು ಬ್ರೇಕನ್ನು ಒತ್ತಿದಾಗ ಎರಡೂ ಚಕ್ರಗಳಿಗೆ ಹಿಡಿತ ಸಿಗುವ ಜೋಡಿ ಬ್ರೇಕಾದರೂ ಇರಬೇಕಾಯಿತು. ಆದರೆ ಹತ್ತು ಹದಿನೈದು ವರ್ಷ ಹಳೆಯ ವಾಹನಗಳು ನಮ್ಮ ಮನೆಗಳಲ್ಲಿ ಇನ್ನೂ ಓಡುತ್ತಿವೆ. ಹೆದರಿ ಬ್ರೇಕನ್ನೇ ಹಿಡಿಯದವನಿಗೆ ಎ.ಬಿ.ಎಸ್. ಇದ್ದೂ ಪ್ರಯೋಜನವಿಲ್ಲ.

ಬ್ರೇಕಿನ ನಂತರದ ಪಾಠ ಪಕ್ಕಕ್ಕೆ ತಪ್ಪಿಸಿಕೊಳ್ಳುವುದು. ಇದು ವಿಚಿತ್ರವಾದುದು. ವೇಗದಲ್ಲಿರುವ ಮೋಟಾರು ಸೈಕಲು ಎಡಕ್ಕೆ ಹೋಗಬೇಕಾದರೆ ಎಡಗೈಯ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಎಂದರೆ ಚಕ್ರ ಒಂದು ಕ್ಷಣ ಬಲಕ್ಕೆ ತಿರುಗುತ್ತದೆ. ಅದರಿಂದ ವಾಹನ ಎಡಕ್ಕೆ ವಾಲುತ್ತದೆ. ವಾಲಿದ ಕಡೆಗೆ ಹೋಗುತ್ತದೆ. ಸೈಕಲು ಬಿಡುವ ನಾವೆಲ್ಲರೂ ತಿಳಿಯದೆ ಇದನ್ನೇ ಮಾಡುತ್ತೇವೆ. ವಿಮಾನವನ್ನು ಹಾರಿಸಿದ ರೈಟ್ ಸೋದರರು ಮೊದಲು ಸೈಕಲು ಅಂಗಡಿ ಇಟ್ಟವರು. ಅವರಲ್ಲಿ ಹಿರಿಯನಾದ ವಿಲ್ಬರ್ ರೈಟ್ ಈ ಸಂಗತಿಯನ್ನು ಗಮನಿಸಿದ್ದನು. ಗಾಬರಿಯಾದ ಕ್ಷಣದಲ್ಲಿ ಮಾತ್ರ, ತಿಳಿಯದೆ ಮಾಡುವ ಕೆಲಸವನ್ನು ಕೈಗಳು ಮರೆಯುತ್ತವೆ. ತಿಳಿದು ಅಭ್ಯಾಸ ಮಾಡಿದವನಿಗೆ ಮರೆವು ಕಡಿಮೆ.

ಕಣ್ಣಿನ ಪಾಠ ಇನ್ನೂ ದೊಡ್ಡದು. ಹೊಂಡವನ್ನೇ ದಿಟ್ಟಿಸುತ್ತ ಹೋದವನು ಹೊಂಡಕ್ಕೇ ಬೀಳುತ್ತಾನೆ; ಹೋಗಬೇಕಾದ ಜಾಗವನ್ನು ನೋಡಬೇಕು. ತಿರುವಿಗೆ ಮೊದಲೇ ವೇಗವನ್ನು ತಗ್ಗಿಸಬೇಕು, ತಿರುವಿನ ಒಳಗೆ ಅಲ್ಲ. ಹರ್ಟ್ ಅವರ ಅಧ್ಯಯನದಲ್ಲಿ ಬೇರೆ ವಾಹನದೊಂದಿಗೆ ನಡೆದ ಡಿಕ್ಕಿಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು, ಆ ವಾಹನದ ಚಾಲಕನು ಮೋಟಾರು ಸೈಕಲಿನ ದಾರಿಗೆ ಅಡ್ಡ ಬಂದುದರಿಂದ ಆದುವು. 'ನನಗೆ ಕಾಣಲೇ ಇಲ್ಲ' ಎಂಬುದೇ ಆ ಚಾಲಕರ ಸಾಮಾನ್ಯ ಉತ್ತರ. 2017ರ ಏಪ್ರಿಲಿನಿಂದ ನಮ್ಮ ಹೊಸ ದ್ವಿಚಕ್ರ ವಾಹನಗಳ ಮುಂದಿನ ದೀಪ ಹಗಲಲ್ಲೂ ಉರಿಯುವಂತೆ ಮಾಡಿದುದು ಇದಕ್ಕಾಗಿಯೇ. ತಪ್ಪು ಯಾರದ್ದೇ ಇರಲಿ, ಮೂಳೆ ಮುರಿಯುವುದು ಸವಾರನದ್ದು. ಹಾಗಾಗಿ 'ಆತ ನನ್ನನ್ನು ಕಂಡಿಲ್ಲ' ಎಂದೇ ಭಾವಿಸಿ ಓಡಿಸಲು ತರಬೇತುದಾರರು ಹೇಳಿಕೊಡುತ್ತಾರೆ. ನಮ್ಮ ಊರಿಗೆ ಬೇಕಾದ ಪಾಠಗಳೂ ಕೆಲವಿವೆ: ಅಡಕೆ ತೋಟದ ನೆರಳಿನ ಕಾಂಕ್ರೀಟು ರಸ್ತೆಯ ಪಾಚಿ, ಬಿದ್ದ ಸೋಗೆ, ಮೊದಲ ಮಳೆಗೆ ರಸ್ತೆಯ ಮೇಲೆ ತೇಲುವ ಎಣ್ಣೆ, ಹೆದ್ದಾರಿಯ ಬಿಳಿ ಬಣ್ಣದ ಪಟ್ಟಿಗಳು, ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವ ಬಗೆ, ಹಿಂದೆ ಅಡಕೆ ಗೋಣಿಯನ್ನು ಕಟ್ಟಿದಾಗ ಬದಲಾಗುವ ತೋಲನ.

ಇಂಥ ತರಬೇತಿ ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಮೋಟಾರು ಪಂದ್ಯಗಳ ಓಟದ ಹಾದಿಯಿದೆ. ಅಲ್ಲಿ ವಿದೇಶೀ ಶಿಕ್ಷಕರು ಬಂದು ಸವಾರಿಯ ಶಾಲೆ ನಡೆಸಿದ್ದುಂಟು. ತಿರುವಿನ ವಿದ್ಯೆಯನ್ನು ಅವರು ಬಹಳ ಚೆನ್ನಾಗಿ ಕಲಿಸುತ್ತಾರೆ. ಆದರೆ ಅಲ್ಲಿಗೆ ಹೋಗುವವರು ದೊಡ್ಡ ಬೈಕು, ಚರ್ಮದ ಉಡುಪು, ಕೈತುಂಬ ಹಣ ಉಳ್ಳವರು. ಕೇರಳ ಸರಕಾರದ ಚಾಲಕ ತರಬೇತಿ ಮತ್ತು ಸಂಶೋಧನ ಸಂಸ್ಥೆ ಮಲಪ್ಪುರಂ ಜಿಲ್ಲೆಯ ಎಡಪ್ಪಾಳಿನಲ್ಲಿದೆ. ನಮ್ಮಿಂದ 200 ಕಿಲೋಮೀಟರಿಗೂ ದೂರ. ತಪ್ಪು ಮಾಡಿ ಲೈಸೆನ್ಸು ಅಮಾನತಾದ ಚಾಲಕರನ್ನು ಅಲ್ಲಿಗೆ ತರಬೇತಿಗೆ ಕಳುಹಿಸುವ ಪದ್ಧತಿಯೂ ಇದೆ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲೂ ಲೈಸೆನ್ಸು ಕಳೆದುಕೊಂಡವರಿಗೆ ಪುನರ್ಮನನ ತರಬೇತಿಯನ್ನು ಹೇಳಿದೆ. ಒಳ್ಳೆಯದೇ. ಆದರೆ ಮನೆಗೆ ಬೆಂಕಿ ಬಿದ್ದವನಿಗೆ ಮಾತ್ರ ಬಾವಿ ತೋಡಿಕೊಡುವಂತೆ ಇದು ಕಾಣುವುದಿಲ್ಲವೇ?

ನಿಜವಾಗಿ ತರಬೇತಿ ಬೇಕಾದವರು ಯಾರು? ಮುಂಜಾನೆ ನಾಲ್ಕು ಗಂಟೆಗೆ ಮೀನಿನ ಪೆಟ್ಟಿಗೆಯನ್ನು ಕಟ್ಟಿಕೊಂಡು ಕಡಪುರದಿಂದ ಗುಡ್ಡದ ಮೇಲಿನ ಊರುಗಳಿಗೆ ಹೋಗುವ ವ್ಯಾಪಾರಿ. ಹಾಲಿನ ಸೊಸೈಟಿಗೆ ಕ್ಯಾನು ಒಯ್ಯುವವರು. ಮಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವ ತರುಣರು. ಮಗುವನ್ನು ಹಿಂದೆ ಕುಳ್ಳಿರಿಸಿ ಸ್ಕೂಟರಿನಲ್ಲಿ ಶಾಲೆಗೆ ಬರುವ ತಾಯಂದಿರು. ಇವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಕೊಟ್ಟು, ಶುಲ್ಕ ತೆತ್ತು, ದೂರದ ಊರಿಗೆ ಕಲಿಯಲು ಹೋದಾರೆಂದು ನಿರೀಕ್ಷಿಸುವುದು ವ್ಯರ್ಥ. ಹೋದರೂ ಅಲ್ಲಿಯ ಪಾಠ ಅವರ ಭಾಷೆಯಲ್ಲಿರಬೇಕು. 'ಈಗ ಹಿಡಿ, ಈಗ ಬಿಡು' ಎಂಬ ಮಾತು ಅರ್ಧ ಸೆಕೆಂಡಿನಲ್ಲಿ ಕೈಗೆ ಇಳಿಯಬೇಕು. ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ ಮನೆಮಾತಾಗಿರುವ ನಮ್ಮ ಜಿಲ್ಲೆಯಲ್ಲಿ ಇಂಗ್ಲಿಷಿನ ಉಪನ್ಯಾಸ ಅಷ್ಟು ಬೇಗ ಇಳಿಯದು.

ಹಣದ ಪ್ರಶ್ನೆಯನ್ನು ಬೇರೆ ದೇಶಗಳು ಹೇಗೆ ಬಿಡಿಸಿವೆಯೆಂದು ನೋಡೋಣ. ಅಮೇರಿಕದ ಪೆನ್ಸಿಲ್ವೇನಿಯಾ ರಾಜ್ಯ 1984ರಲ್ಲಿ ಒಂದು ಕಾಯಿದೆ ಮಾಡಿತು. ಮೋಟಾರು ಸೈಕಲು ಲೈಸೆನ್ಸಿನ ಶುಲ್ಕದ ಒಂದಂಶವನ್ನು ಬೇರೆಯಾಗಿಟ್ಟು, ಅದರಿಂದ ರಾಜ್ಯದ ನಿವಾಸಿಗಳಿಗೆ ಉಚಿತ ತರಬೇತಿ ಏರ್ಪಡಿಸಿತು. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರು, ಕಲಿಯಬಯಸಿದವನು ಆ ಹೊತ್ತಿಗೆ ಜೇಬಿಗೆ ಕೈ ಹಾಕಬೇಕಾಗಲಿಲ್ಲ. ನ್ಯೂಜಿಲ್ಯಾಂಡಿನದು ಇನ್ನೊಂದು ದಾರಿ. ಅಲ್ಲಿ ಅಪಘಾತದಲ್ಲಿ ಗಾಯಗೊಂಡ ಪ್ರತಿಯೊಬ್ಬನ ಚಿಕಿತ್ಸೆಯ ವೆಚ್ಚವನ್ನು ಎ.ಸಿ.ಸಿ. ಎಂಬ ಸರಕಾರಿ ನಿಗಮ 1974ರಿಂದ ಭರಿಸುತ್ತ ಬಂದಿದೆ. ಮೋಟಾರು ಸೈಕಲುಗಳ ವಂತಿಗೆಯನ್ನು ಹೆಚ್ಚಿಸಹೊರಟಾಗ 2009ರಲ್ಲಿ ಸವಾರರು ಮೆರವಣಿಗೆಯಲ್ಲಿ ಪಾರ್ಲಿಮೆಂಟಿಗೆ ಹೋಗಿ ಪ್ರತಿಭಟಿಸಿದರು. 2010ರಿಂದ ವರ್ಷಕ್ಕೆ 30 ಡಾಲರಿನ ಸುರಕ್ಷಾ ವಂತಿಗೆಯೂ ಜಾರಿಗೆ ಬಂತು. ಮುಂದೆ ಅದೇ ನಿಗಮ ಲೈಸೆನ್ಸು ಇರುವ ಸವಾರರಿಗೆ ಹಂತ ಹಂತದ ತರಬೇತಿಯನ್ನು ನಿಜವಾದ ಬೆಲೆಗಿಂತ ಬಹಳ ಕಡಿಮೆಗೆ ಕೊಡತೊಡಗಿತು. ಆಸ್ಪತ್ರೆಯ ಬಿಲ್ಲು ತೆರಬೇಕಾದವನಿಗೆ ತರಬೇತಿ ಅಗ್ಗವಾಗಿ ಕಾಣುವುದು ಸಹಜ. ನಮ್ಮಲ್ಲಿ ಆ ಬಿಲ್ಲಿನ ಹೆಚ್ಚಿನ ಪಾಲನ್ನು ತೆರುವವರು ಮನೆಯವರು. ತೋಟವನ್ನೋ ಒಡವೆಯನ್ನೋ ಅಡವಿಟ್ಟು ತೆರುತ್ತಾರೆ. ಹಾಗಿದ್ದರೂ ಸಾವಿರಗಟ್ಟಲೆ ಕೊಟ್ಟು ವಾಹನ ಕೊಳ್ಳುವ ದಿನ, ಅದನ್ನು ನಿಲ್ಲಿಸಲು ಕಲಿಯುವುದಕ್ಕೆಂದು ಸ್ವಲ್ಪ ಹಣ ತೆಗೆದಿಡುವ ಯೋಚನೆ ನಮಗೆ ಬರುವುದಿಲ್ಲ.

ತರಬೇತಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುವುದೂ ಇಲ್ಲ. ನಾರ್ವೆಯಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯಲ್ಲಿ ಕಾರನ್ನು ಹತೋಟಿಗೆ ತರುವ ವಿದ್ಯೆಯನ್ನು ಕಡ್ಡಾಯವಾಗಿ ಕಲಿಸಿದರು. 1980ರ ದಶಕದಲ್ಲಿ ಅದರ ಫಲವನ್ನು ಪರಿಶೀಲಿಸಿದಾಗ ತರುಣರಲ್ಲಿ ಅಪಘಾತ ತಗ್ಗುವ ಬದಲು ಹೆಚ್ಚಿತ್ತು. 'ಜಾರಿದರೂ ನಾನು ಸಂಭಾಳಿಸಬಲ್ಲೆ' ಎಂಬ ಧೈರ್ಯ ವಿದ್ಯೆಗಿಂತ ಮುಂದೆ ಓಡಿತ್ತು. ಹಾಗಾಗಿ ಚಕ್ರ ಎತ್ತಿ ಓಡಿಸುವುದನ್ನು ಕಲಿಸುವವರನ್ನು ತರಬೇತುದಾರರೆಂದು ಕರೆಯಬಾರದು. ಒಳ್ಳೆಯ ಶಿಕ್ಷಕನು ಸವಾರನಿಗೆ ಅವನ ಮಿತಿಯನ್ನು ತೋರಿಸಿಕೊಡುತ್ತಾನೆ. ತಾನು 20 ಮೀಟರಿನಲ್ಲಿ ನಿಲ್ಲಿಸುತ್ತೇನೆಂದು ನಂಬಿದ್ದವನು, ಸುಣ್ಣದ ಗೆರೆಯನ್ನು ದಾಟಿ ಇನ್ನೂ ಹತ್ತು ಮೀಟರು ಹೋದುದನ್ನು ತಾನೇ ಕಂಡಾಗ, ಮರುದಿನ ನಿಧಾನವಾಗಿ ಓಡಿಸುತ್ತಾನೆ.

2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಲ್ಲಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆ ಅವಕಾಶವಿದೆ. ದ್ವಿಚಕ್ರ ಮತ್ತು ಲಘು ವಾಹನಗಳಿಗಾದರೆ ಕನಿಷ್ಠ ಒಂದು ಎಕರೆ ಜಾಗ ಬೇಕು. ಗುಡ್ಡ ಕಣಿವೆಗಳ ನಮ್ಮ ಸೀಮೆಯಲ್ಲಿ ಒಂದು ಎಕರೆ ಸಮತಟ್ಟು ನೆಲ ಸಿಗುವುದು ಸುಲಭವಲ್ಲ. ಸಿಕ್ಕಿದರೂ ಅಲ್ಲಿ ಅಡಕೆ ನೆಡುವವರೇ ಹೆಚ್ಚು! ಅಂಥ ಕೇಂದ್ರ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ದಿನದ ಬ್ರೇಕಿನ ಪಾಠಕ್ಕೆ ನೂರು ಮೀಟರು ಉದ್ದದ ಗಟ್ಟಿ ನೆಲ, ಇಪ್ಪತ್ತು ಪ್ಲಾಸ್ಟಿಕ್ ಶಂಕುಗಳು, ಸ್ವಲ್ಪ ಸುಣ್ಣ, ಅಳತೆಯ ಟೇಪು, ಇಬ್ಬರು ಬಲ್ಲ ಶಿಕ್ಷಕರು ಸಾಕು. ಸವಾರರು ತಂತಮ್ಮ ವಾಹನವನ್ನೇ ತರಬೇಕು; ದಿನವೂ ಓಡಿಸುವ ಬ್ರೇಕಿನಲ್ಲೇ ಕೈ ಪಳಗಬೇಕಾದುದು. ಮೊದಲು ಗಂಟೆಗೆ 20 ಕಿ.ಮೀ., ಅದು ಸರಿಯಾದ ಮೇಲೆ 30, ಕೊನೆಗೆ 40. ಅದಕ್ಕಿಂತ ಹೆಚ್ಚು ಬೇಡ. ಗೊತ್ತುಪಡಿಸಿದ ಗೆರೆಯಲ್ಲಿ ಬ್ರೇಕು ಹಿಡಿದು, ನಿಂತಲ್ಲಿಗೆ ಅಳೆದು ಬರೆದಿಡುವುದು. ತಾಯಂದಿರಿಗೆ ಬೇರೆ ಹೊತ್ತನ್ನು ಇಟ್ಟು, ಸಾಧ್ಯವಾದರೆ ಮಹಿಳೆಯೇ ಕಲಿಸುವಂತಿದ್ದರೆ ಹೆಚ್ಚು ಮಂದಿ ಬಂದಾರು; ಸೀರೆಯ ಸೆರಗನ್ನೂ ಚೂಡಿದಾರದ ಶಾಲನ್ನೂ ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳುವುದನ್ನು ಗಂಡಸರು ಕಲಿಸಲಾರರು. ರಜಾದಿನದಲ್ಲಿ ಇಂಥದೊಂದು ಪಾಠಕ್ಕೆ ಶಿಕ್ಷಕ ರಕ್ಷಕ ಸಂಘದವರು ಮೋಟಾರು ವಾಹನ ಇಲಾಖೆಯನ್ನು ಕೇಳಿಕೊಳ್ಳಬಹುದು. ಸ್ಥಳೀಯ ಡ್ರೈವಿಂಗ್ ಸ್ಕೂಲಿನವರನ್ನೂ ಜೊತೆಗೆ ಕರೆಯುವುದು ಉತ್ತಮ. ಊರಿನಲ್ಲಿ ವರ್ಷವಿಡೀ ಕಲಿಸುವವರು ಅವರೇ ತಾನೆ.

ಇದೆಲ್ಲ ಹದಿನೆಂಟು ತುಂಬಿದವರಿಗೆ ಮಾತ್ರ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಗೇರಿನ ಮೋಟಾರು ಸೈಕಲಿಗೂ ಸಾಮಾನ್ಯ ಸ್ಕೂಟರಿಗೂ 18 ವರ್ಷ ಆಗಿರಬೇಕು. 16 ವರ್ಷಕ್ಕೆ ಕಾಯಿದೆ ಬಿಟ್ಟಿರುವುದು 50 ಸಿ.ಸಿ. ಮೀರದ ವಾಹನವನ್ನು ಮಾತ್ರ. ಹೆತ್ತವರು ತಿಳಿಯಬೇಕಾದುದು ಇನ್ನೊಂದಿದೆ. 2019ರ ತಿದ್ದುಪಡಿಯಂತೆ, ಪ್ರಾಯ ತುಂಬದ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ರಕ್ಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದು. ಆ ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. 'ಅಂಗಡಿಯವರೆಗೆ ಮಾತ್ರ' ಎಂದು ಕೀಲಿಕೈ ಕೊಡುವ ತಂದೆಯವರು ಇದನ್ನು ಎರಡು ಸಲ ಓದಲಿ.

ಅಷ್ಟರವರೆಗೆ ವಿದ್ಯಾರ್ಥಿಗಳು ಸುಮ್ಮನೆ ಇರಬೇಕೇ? ನಿಮ್ಮ ಸೈಕಲಿಗೂ ಎರಡು ಬ್ರೇಕುಗಳಿವೆ, ಸಮೀಕರಣವೂ ಅದೇ. ಶಾಲೆಯ ಮೈದಾನದಲ್ಲಿ ಅಧ್ಯಾಪಕರ ಎದುರಿನಲ್ಲಿ, ತಲೆಗೆ ಹೆಲ್ಮೆಟು ಹಾಕಿಕೊಂಡು, ಒಂದು ಸುಣ್ಣದ ಗೆರೆ ಎಳೆಯಿರಿ. ನೆಲದಲ್ಲಿ ಹೊಯ್ಗೆಯಾಗಲಿ ಚರಳಾಗಲಿ ಇರದಂತೆ ಮೊದಲೇ ಗುಡಿಸಿಕೊಳ್ಳಿರಿ. ಗೆರೆಗೆ ಹತ್ತು ಮೀಟರು ಹಿಂದೆ ಇನ್ನೊಂದು ಗೆರೆ. ಈ ಎರಡರ ನಡುವಿನ ದೂರವನ್ನು ದಾಟಲು ತಗಲಿದ ಸಮಯವನ್ನು ಗೆಳೆಯನೊಬ್ಬನು ಗಡಿಯಾರದಲ್ಲಿ ನೋಡಲಿ. ಅದರಿಂದ ವೇಗ ತಿಳಿಯುತ್ತದೆ. ಸುಣ್ಣದ ಗೆರೆ ಮುಟ್ಟಿದೊಡನೆ ಮೊದಲ ಸಲ ಹಿಂದಿನ ಬ್ರೇಕನ್ನು ಮಾತ್ರ ಹಿಡಿದು ನಿಲ್ಲಿಸಿ ದೂರ ಅಳೆಯಿರಿ. ಎರಡನೆಯ ಸಲ ಎರಡನ್ನೂ ಸೇರಿಸಿ, ಮುಂದಿನದನ್ನು ಮೆಲ್ಲನೆ ಬಿಗಿಗೊಳಿಸುತ್ತ ನಿಲ್ಲಿಸಿ ಅಳೆಯಿರಿ. ಮೂರನೆಯ ಸಲ ಬ್ಯಾಗಿನಲ್ಲಿ ಪುಸ್ತಕಗಳನ್ನು ತುಂಬಿ ಹಿಂದೆ ಕಟ್ಟಿಕೊಂಡು ಅದನ್ನೇ ಮಾಡಿರಿ. ಪ್ರತಿಯೊಂದನ್ನೂ ಐದೈದು ಸಲ ಮಾಡಿ ಸರಾಸರಿ ತೆಗೆದು, ವಿಜ್ಞಾನದ ಪುಸ್ತಕದಲ್ಲಿ ಕೋಷ್ಟಕ ಬರೆದು, ಅದನ್ನು ಮನೆಯಲ್ಲಿ ಮೋಟಾರು ಸೈಕಲು ಓಡಿಸುವವರಿಗೆ ತೋರಿಸಿರಿ. ಅವರು ಮುಂದಿನ ಬ್ರೇಕನ್ನು ಯಾವಾಗ ಹಿಡಿಯುತ್ತಾರೆಂದು ಕೇಳಿ, ಉತ್ತರವನ್ನು ಕೋಷ್ಟಕದ ಕೆಳಗೆ ಬರೆಯಿರಿ.